ಎಂಟಿ ಗಾಡಿ

ಉಯ್ಯಂಬಳ್ಳಿ ಕಡೆಯ ಟೆಂಪೋ ಡ್ರೈವರ್ ಒಬ್ಬನನ್ನು ನಿಲ್ಲಿಸಿ, ‘ಕನಕಪುರದಿಂದ ಏನ್ ತುಂಬ್ಕೊಂಡ್ ಬಂದ್ಯಪ್ಪಾ?’ ಎಂದು ಕೇಳಿ ನೋಡಿ. ‘ಏನೂ ಇಲ್ಲ ಕಣಣ್ಣೋ, ಎಂಟಿ ಬಂದೆ’ ಅನ್ನುತ್ತಾನೆ. ಎಂಟು ಅಲ್ಲ, ಎಂಟಿ. ಇಂಗ್ಲಿಷಿನ ಎಂಪ್ಟಿಯ ನಡುವೆ ಸಿಕ್ಕಿಕೊಂಡಿದ್ದ ಪಕಾರವನ್ನು ಅವನು ದಾರಿಯಲ್ಲೆಲ್ಲೋ ಇಳಿಸಿ ಬಂದಿರುತ್ತಾನೆ. ಲೋಡು ಇಲ್ಲದ ಗಾಡಿಗೆ ಅದೊಂದು ಯಾಕೆ ಭಾರ!

ಇದನ್ನು ಅಜ್ಞಾನ ಎಂದು ನಗುವವರು ಸ್ವಲ್ಪ ತಾಳಬೇಕು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದಕ್ಕೆ ಪಕಾರವೇ ಇರಲಿಲ್ಲ. ಮಕಾರದಿಂದ ಟಕಾರಕ್ಕೆ ನಾಲಿಗೆ ಹೊರಳುವಾಗ ತುಟಿ ಮಾಡಿದ ತುಂಟತನ ಅದು. ಆಮೇಲೆ ಬರವಣಿಗೆಗೂ ನುಗ್ಗಿ ಕಾಯಂ ಆಯಿತು. ನಮ್ಮ ಡ್ರೈವರ್ ಆ ಅಕ್ರಮ ವಾಸಿಯನ್ನು ಖಾಲಿ ಮಾಡಿಸಿದ್ದಾನೆ, ಅಷ್ಟೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಆ ಹಳೆಯ ಕಾಲದಲ್ಲಿ ಪದದ ಮೂಲ ಅರ್ಥವೇ ‘ಬಿಡುವಾಗಿರುವ’ ಎಂದು. ಕೈಗೆ ಕೆಲಸವಿಲ್ಲದವನು ಎಂಪ್ಟಿ, ಮದುವೆಯಾಗದವನೂ ಎಂಪ್ಟಿ. ಪಾತ್ರೆ ಪಗಡ, ಡಬ್ಬಿ ಚೀಲಗಳ ಸರದಿ ಆಮೇಲೆ ಬಂತು.

ನಮ್ಮ ಕಡೆ ಈ ಅರ್ಥ ಇನ್ನೂ ಗಟ್ಟಿಯಾಗಿದೆ. ಅರಬ್ಬಿಯಿಂದ ಪಾರಸಿ, ಉರ್ದು ದಾಟಿ ಬಂದ ‘ಖಾಲಿ’ ನಮ್ಮ ಬಾಯಲ್ಲಿ ಒತ್ತು ಕಳೆದುಕೊಂಡು ‘ಕಾಲಿ’ ಆಗಿದೆ. ‘ಏನ್ಲಾ, ಕಾಲಿ ಇದ್ದೀಯಾ?’ ಎಂದು ಯಾರಾದರೂ ಕೇಳಿದರೆ ಹೌದು ಅನ್ನಬಾರದು. ಅಂದರೆ ಅರ್ಧ ಗಂಟೆಯಲ್ಲಿ ನೀವು ಅವರ ಹೊಲದಲ್ಲಿ ಹುರುಳಿ ಕೀಳುತ್ತಿರುತ್ತೀರಿ. ಇಲ್ಲ ಅಂದರೂ ಕಷ್ಟ. ‘ಕಟ್ಟೆ ಮೇಲೆ ಕುಂತಿದ್ದೀಯ, ಅದೇನಂತಾ ಕೆಲ್ಸ?’ ಮೂವತ್ತು ದಾಟಿದ ಗಂಡು ಮಗ ಮನೆಯಲ್ಲಿದ್ದರೆ ಊರವರು ‘ಇನ್ನೂ ಕಾಲಿ ಅವ್ನೆ’ ಎನ್ನುತ್ತಾರೆ. ಅದು ಕೆಲಸಕ್ಕೋ ಮದುವೆಗೋ ಎಂದು ಬಿಡಿಸಿ ಹೇಳುವುದಿಲ್ಲ. ಈಗಿನ ಕಾಲದಲ್ಲಿ ಒಂದಿಲ್ಲದೆ ಇನ್ನೊಂದು ಆಗುವುದಿಲ್ಲವಾದ್ದರಿಂದ ಬಿಡಿಸಿ ಹೇಳುವ ಅಗತ್ಯವೂ ಇಲ್ಲ.

ಖಾಲಿ ಅಂದರೆ ಏನೂ ಇಲ್ಲ ಎಂದು ನಾವು ತಿಳಿದುಕೊಂಡಿದ್ದೇವೆ. ಹಾಗೆ ಯಾರೂ ಆ ಪದ ಬಳಸಿದ್ದನ್ನು ನಾನು ಕೇಳಿಲ್ಲ. ‘ನನಗೆ ಬೇಕಾದದ್ದು ಇಲ್ಲಿಲ್ಲ’ ಎನ್ನುವುದಕ್ಕೆ ಜನ ಖಾಲಿ ಎನ್ನುತ್ತಾರೆ. ಬಸ್ಸನ್ನೇ ನೋಡಿ. ಪ್ರಯಾಣಿಕನ ಪ್ರಕಾರ ಖಾಲಿ ಅಂದರೆ ಕಿಟಕಿ ಪಕ್ಕದ ಸೀಟು. ಕಂಡಕ್ಟರ್ ಪ್ರಕಾರ ಇಬ್ಬರ ಭುಜಗಳ ನಡುವೆ ಗಾಳಿಯಾಡುವ ಜಾಗ. ‘ಹಿಂದೆ ಖಾಲಿ ಇದೆ, ಹೋಗ್ರೀ ಹಿಂದಕ್ಕೆ’ ಎಂದು ಅವರು ಕೂಗುವಾಗ ಹಿಂದೆ ನಿಂತವನು ಒಂದು ಕಾಲನ್ನು ಇನ್ನೊಬ್ಬರ ಕೋಳಿ ಬುಟ್ಟಿಯ ಮೇಲಿಟ್ಟು ತಪಸ್ಸು ಮಾಡುತ್ತಿರುತ್ತಾನೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ ಎಂದಾದ ಮೇಲಂತೂ ಖಾಲಿ ಎಂಬ ಪದವನ್ನು ಗಂಡಸರು ಹಳೆಯ ನೆಂಟರ ಹೆಸರಿನಂತೆ ನೆನೆಯುತ್ತಾರೆ. ಕೊನೆಗೂ ಒಂದು ಸೀಟು ಕಂಡು ‘ಇದು ಖಾಲಿನಾ?’ ಎಂದರೆ, ಅದರ ಮೇಲೆ ಮಲಗಿರುವ ಟವೆಲ್ ತೋರಿಸಿ ‘ಬತ್ತಾರೆ’ ಎನ್ನುತ್ತಾರೆ. ಬರುವವರು ಯಾರು, ಯಾವ ಸ್ಟಾಪಿನಲ್ಲಿ ಎಂದು ಕೇಳುವಂತಿಲ್ಲ.

ಹೋಟೆಲಿನಲ್ಲಿ ಇದೇ ಪದಕ್ಕೆ ಇನ್ನೊಂದು ಮರ್ಯಾದೆ. ಖಾಲಿ ದೋಸೆ ಅಂದರೆ ತಟ್ಟೆಯಲ್ಲಿ ದೋಸೆ ಇಲ್ಲ ಎಂದಲ್ಲ, ದೋಸೆಯೊಳಗೆ ಪಲ್ಯ ಇಲ್ಲ ಎಂದು. ಉತ್ತರದವರೊಬ್ಬರು ಬೋರ್ಡಿನಲ್ಲಿ ಇದನ್ನು ಓದಿಕೊಂಡು, ಖಾಲಿಗೂ ಇಷ್ಟು ದುಡ್ಡಾ ಎಂದು ಬೆರಗಾದದ್ದನ್ನು ಕಂಡಿದ್ದೇನೆ. ದೋಸೆಯ ಅಭಿಮಾನಿಯಾಗಿ ನನ್ನ ತೀರ್ಪು: ಹುಳಿ ಸರಿಯಾಗಿ ಬಂದ ಹಿಟ್ಟಿದ್ದರೆ ಖಾಲಿಯೇ ಮೇಲು, ಪಲ್ಯ ಅನೇಕ ಪಾಪಗಳನ್ನು ಮುಚ್ಚುತ್ತದೆ. ಸಂಗೀತದವರಿಗೆ ಇದು ಗೊತ್ತು. ಹಿಂದೂಸ್ತಾನಿಯ ತೀನ್‌ತಾಲದ 16 ಮಾತ್ರೆಗಳಲ್ಲಿ ಒಂಬತ್ತನೆಯದರ ಹೆಸರೇ ಖಾಲಿ. ಅಲ್ಲಿ ಚಪ್ಪಾಳೆ ತಟ್ಟುವುದಿಲ್ಲ, ಕೈ ಬೀಸುತ್ತಾರೆ. ನಮ್ಮ ಕರ್ನಾಟಕ ಪದ್ಧತಿಯಲ್ಲೂ ಆದಿತಾಳದ ದ್ರುತದಲ್ಲಿ ಒಂದು ಪೆಟ್ಟಾದ ಮೇಲೆ ಅಂಗೈ ಮಗುಚುತ್ತಾರೆ, ಅದು ಹುಸಿ. ಆ ಬೀಸು ತಪ್ಪಿದರೆ ಹಾಡುವವರು ತಿರುಗಿ ನೋಡುತ್ತಾರೆ. ಸದ್ದಿಲ್ಲದ ಮಾತ್ರೆಗೂ ಲೆಕ್ಕದಲ್ಲಿ ಪಾಲಿದೆ.

ನಮ್ಮಜ್ಜಿಯ ಅಡುಗೆಮನೆಯಲ್ಲಿ ಮಾತ್ರ ಈ ಪದಕ್ಕೆ ಪ್ರವೇಶವಿರಲಿಲ್ಲ. ಅಕ್ಕಿ ಮುಗಿದರೆ ‘ಅಕ್ಕಿ ತುಂಬೈತೆ ಕಣ್ಲಾ, ಅಂಗಡಿಗೋಗಿ ಬಾ’ ಅನ್ನುತ್ತಿದ್ದಳು. ಬಳೆ ಒಡೆದರೆ ಬಳೆ ಹೆಚ್ಚಿತು. ಪಕ್ಕದ ಮನೆಯ ಗಂಗಾಳದಲ್ಲಿ ಸಾರು ಬಂದರೆ ಗಂಗಾಳ ಬರಿದಾಗಿ ಹಿಂದಿರುಗುವಂತಿಲ್ಲ, ಒಂದು ಅಚ್ಚು ಬೆಲ್ಲವಾದರೂ ಅದರಲ್ಲಿರಬೇಕು. ಹೊರಡುವವರು ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು. ಖಾಲಿ ಕೊಡ ಎದುರು ಬಂದರೆ ಶಾನುಭೋಗರ ಕಾಲದ ವ್ಯಾಜ್ಯವೂ ಒಂದು ದಿನ ಮುಂದಕ್ಕೆ ಹೋಗುತ್ತಿತ್ತು. ನೀರಿಗೆ ಹೊರಟ ಹೆಂಗಸಿನ ಕೈಲಿ ಕೊಡ ಖಾಲಿ ಇರದೆ ಇನ್ನೇನಿರಬೇಕಿತ್ತು ಎಂದು ಯಾವ ಗಂಡಸೂ ಯೋಚಿಸಿದಂತಿಲ್ಲ. ಅವಳಿಗೆ ಎದುರಾದವನು ಇವನು. ಅಪಶಕುನ ಯಾರಿಗೆ ಯಾರು? ಅಜ್ಜಿಯ ಹತ್ತಿರ ಇದನ್ನು ಕೇಳಿದ್ದೆ. ‘ಕಾಲಿ ಮಾತಾಡ್ಬೇಡ, ಹೋಗು’ ಅಂದಳು. ಆ ಪದವನ್ನು ಅವಳು ಬಳಸಿದ್ದು ನನ್ನ ನೆನಪಿನಲ್ಲಿ ಅದೊಂದೇ ಸಲ.

ಶಾಲೆಯಲ್ಲಿ ಖಾಲಿಗೆ ಪರೀಕ್ಷೆಯ ಹೆಸರು ‘ಬಿಟ್ಟ ಸ್ಥಳ ತುಂಬಿರಿ’. ನಾವು ಧಾರಾಳವಾಗಿ ಬಿಟ್ಟು ಬರುತ್ತಿದ್ದೆವು. ಈಗ ಸರ್ಕಾರ ಅದೇ ಪರೀಕ್ಷೆಯನ್ನು ಅರ್ಜಿಗಳಲ್ಲಿ ಮುಂದುವರಿಸಿದೆ. ‘ಜಿಲ್ಲೆ’ ಎಂಬ ಒಂದು ಬಿಟ್ಟ ಸ್ಥಳವನ್ನೇ ತೆಗೆದುಕೊಳ್ಳಿ. ಉಯ್ಯಂಬಳ್ಳಿ ಹೋಬಳಿಯ ಹಿರಿಯರೊಬ್ಬರು ಹುಟ್ಟಿದ ಮನೆಯ ಜಗಲಿಯಿಂದ ಏಳದೆಯೇ ಮೊದಲು ಬೆಂಗಳೂರು ಜಿಲ್ಲೆಯಲ್ಲಿದ್ದರು, 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಬಂದರು, 2007ರಲ್ಲಿ ರಾಮನಗರದವರಾದರು, 2025ರಲ್ಲಿ ಬೆಂಗಳೂರು ದಕ್ಷಿಣದವರಾದರು. ಇಷ್ಟು ಪ್ರಯಾಣ ಮಾಡಿದವರು ನಮ್ಮಲ್ಲಿ ಲಾರಿಯವರು ಬಿಟ್ಟರೆ ಬೇರೆ ಇಲ್ಲ. ಅವರು ಆ ಜಾಗವನ್ನು ಖಾಲಿ ಬಿಟ್ಟರೆ ಗುಮಾಸ್ತರು ಗದರಬಾರದು. ತಿಳಿದೂ ಬಿಟ್ಟ ಸ್ಥಳ ಅದು.

ಊರೂ ಹೀಗೇ. ಹುಡುಗರು ಬೆಂಗಳೂರಿಗೆ ಹೋಗಿ ಊರು ಕಾಲಿ ಆಯ್ತು ಅನ್ನುವ ಮಾತು ವರ್ಷವಿಡೀ ಕೇಳುತ್ತದೆ. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಬನ್ನಿ. ಮಾಂಸದ ಗುಡ್ಡೆಗೆ ನಿಂತವರ ಸಾಲು ನೋಡಿದರೆ ಬೆಂಗಳೂರೇ ಎಂಟಿಯಾಗಿ ಇಲ್ಲಿ ಅನ್‌ಲೋಡ್ ಆದಂತೆ ಕಾಣುತ್ತದೆ. ಉಳಿದ ದಿನಗಳಲ್ಲಿ ಸಂಜೆಯಾದರೆ ರಸ್ತೆ ಖಾಲಿ, ಅಂದರೆ ಮನುಷ್ಯರಿಲ್ಲ. ಕಾವೇರಿ ವನ್ಯಧಾಮದ ಅಂಚಿನ ಊರುಗಳಲ್ಲಿ ಆ ಹೊತ್ತಿಗೆ ಆನೆಗಳು ಹೊರಡುತ್ತವೆ. ಬೆಳಗ್ಗೆ ಎದ್ದರೆ ಬಾಳೆತೋಟ ಖಾಲಿ.

ರೇಷ್ಮೆಯವರ ಲೆಕ್ಕವೇ ಬೇರೆ. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಹುಳು ಲೊಟಲೊಟ ಅಂದರೆ ಸಮಾಧಾನ. ಚಿಟ್ಟೆ ತೂತು ಕೊರೆದು ಹಾರಿಹೋದ ಗೂಡಿನ ಎಳೆ ತುಂಡುತುಂಡು, ಅದನ್ನು ಬಿಚ್ಚಿ ನೂಲು ತೆಗೆಯಲಾಗುವುದಿಲ್ಲ. ಚಿಟ್ಟೆಯ ಕಡೆಯಿಂದ ನೋಡಿದರೆ ಅದು ಬಿಡುಗಡೆ, ಮನೆ ಖಾಲಿ ಮಾಡಿದ್ದು. ರಾಮನಗರದ ಗೂಡು ಮಾರುಕಟ್ಟೆಯ ಹರಾಜಿನಲ್ಲಿ ಚಿಟ್ಟೆಯ ಕಡೆಯವರು ಯಾರೂ ಕೂಗುವುದಿಲ್ಲ.

ಖಾಲಿ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸುವುದು ನಮ್ಮ ಅರ್ಕಾವತಿಯನ್ನು ಕಂಡಾಗ. ನಂದಿಬೆಟ್ಟದಲ್ಲಿ ಹುಟ್ಟುವ ಈ ಹೊಳೆಯ ನೀರನ್ನು ಹೆಸರಘಟ್ಟದಲ್ಲಿ, ಆಮೇಲೆ ತಿಪ್ಪಗೊಂಡನಹಳ್ಳಿಯಲ್ಲಿ ಹಿಡಿದು ಬೆಂಗಳೂರು ದಶಕಗಟ್ಟಲೆ ಕುಡಿಯಿತು. ಕುಡಿದದ್ದಕ್ಕೆ ಬದಲಾಗಿ ವೃಷಭಾವತಿಯ ಮೂಲಕ ತನ್ನ ಕೊಳಚೆಯನ್ನೆಲ್ಲ ಕಳಿಸುತ್ತಿದೆ. ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬ ನಮ್ಮಜ್ಜಿಯ ನಿಯಮವನ್ನು ಮಹಾನಗರ ಹೀಗೆ ಪಾಲಿಸಿದೆ. ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ ಬೀಳುವ ತನಕ ಹೊಳೆಯಲ್ಲಿ ನೀರಿದೆ, ನೊರೆಯೂ ಇದೆ. ಅಲ್ಲಿಂದ ಮುಂದೆ ಮೇಕೆದಾಟು. ಮೇಕೆಯೊಂದು ಹಾರಿ ದಾಟುವಷ್ಟು ಕಿರಿದಾದ ಬಂಡೆಗಳ ನಡುವಿನ ಸಂದಿಗೆ ಆ ಹೆಸರು. ಅದರ ಮೇಲೆ ಅಣೆಕಟ್ಟು ಕಟ್ಟಿ 67 ಟಿಎಂಸಿ ತುಂಬಿಸಬೇಕೆಂದು ನಾವು, ಕೂಡದೆಂದು ತಮಿಳುನಾಡು. 2022ರ ಜನವರಿಯಲ್ಲಿ ಸಂಗಮದಿಂದ ಪಾದಯಾತ್ರೆಯೇ ಹೊರಟಿತು. ಒಂದು ಖಾಲಿ ಜಾಗಕ್ಕೆ ಎರಡು ರಾಜ್ಯಗಳು ಇಷ್ಟು ಬಡಿದಾಡುವುದನ್ನು ಕಂಡರೆ, ಬಸ್ಸಿನಲ್ಲಿ ಟವೆಲ್ ಹಾಕುವವರ ಮೇಲೆ ನನ್ನ ಸಿಟ್ಟು ಕಡಿಮೆಯಾಗುತ್ತದೆ.

ತಾನು ಎಷ್ಟು ಖಾಲಿ ಎಂದು ಮೈಮೇಲೇ ಬರೆದುಕೊಂಡು ತಿರುಗುವ ಪ್ರಾಮಾಣಿಕ ವಸ್ತು ನನಗೆ ಗೊತ್ತಿರುವುದು ಒಂದೇ, ಅಡುಗೆ ಗ್ಯಾಸಿನ ಸಿಲಿಂಡರ್. ಹಳ್ಳಿಗೆ ಬರುವ ಗ್ಯಾಸಿನ ಗಾಡಿಯವನು ಕೂಗುವುದೂ ‘ಎಂಟಿ ಕೊಡ್ರಮ್ಮಾ’ ಎಂದೇ. ಎಂಟಿ ಕೊಟ್ಟು ತುಂಬಿದ್ದನ್ನು ಒಳಗೆ ಉರುಳಿಸಿಕೊಳ್ಳುವ ಗಡಿಬಿಡಿಯಲ್ಲಿ ಅದರ ಮೇಲಿನ ಅಂಕಿಯನ್ನು ಯಾರೂ ಓದುವುದಿಲ್ಲ. ಖಾಲಿ ಸಿಲಿಂಡರಿನ ತೂಕ ಅದು. ಅದಕ್ಕೆ 14.2 ಕೆ.ಜಿ. ಕೂಡಿಸಿ, ಅಷ್ಟು ಬರಬೇಕು. ತೂಕದ ಯಂತ್ರ ಗಾಡಿಯಲ್ಲಿ ಇಟ್ಟುಕೊಂಡಿರುವುದು, ಕೇಳಿದರೆ ತೂಗಿ ತೋರಿಸುವುದು ಅವನ ಕರ್ತವ್ಯ. ಮುಂದಿನ ಸಲ ತೂಗಿಸಿಯೇ ದುಡ್ಡು ಕೊಡಿ.