ಸರ್ವರ್ ಮನೆಯಲ್ಲಿದ್ದರೆ ಮಾನ ಹೋಗುತ್ತದೆಯೇ?

ಮಳೆ ಅಳೆಯುವುದನ್ನು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೋಟವಿದ್ದವರ ಅಂಗಳದಲ್ಲಿ ಮಳೆಮಾಪಕ ಇದ್ದೇ ಇರುತ್ತದೆ. ಬೆಳಿಗ್ಗೆ ಅದರ ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ, ಇಂಚು-ಸೆಂಟ್ ಲೆಕ್ಕದಲ್ಲಿ ಪುಸ್ತಕಕ್ಕೆ ಏರಿಸುತ್ತಾರೆ. ಅಜ್ಜ ಬರೆದ ಪುಸ್ತಕವೂ ಬೀರುವಿನಲ್ಲಿ ಭದ್ರವಾಗಿರುತ್ತದೆ. ಫೆಬ್ರುವರಿ-ಮಾರ್ಚಿನ ಹೂಮಳೆ ಎಷ್ಟು ಬಿತ್ತು, ಅದರ ಬೆನ್ನಿಗೆ ಬರಬೇಕಾದದ್ದು ಬಂತೋ ಇಲ್ಲವೋ ಎಂಬುದರ ಮೇಲೆ ವರ್ಷದ ಕಾಫಿ ನಿಂತಿದೆ.

ಈ ಲೆಕ್ಕ ಪಕ್ಕದ ಮನೆಗೆ ಹೋಗುವುದು ಹೇಗೆ? ವಾಟ್ಸ್‌ಆ್ಯಪ್‌ನಲ್ಲಿ. ಅಂಗಳದಿಂದ ಟವರಿಗೆ, ಟವರಿನಿಂದ ಯಾವುದೋ ದೇಶದ ಕಂಪನಿಯ ಸರ್ವರಿಗೆ, ಅಲ್ಲಿಂದ ತಿರುಗಿ ಬೇಲಿಯಾಚೆಗೆ. ಬೇಲಿ ಹತ್ತಿರ ನಿಂತು ‘ನಿಮ್ಮಲ್ಲಿ ಎಷ್ಟಾಯ್ತು?’ ಎಂದು ಕೂಗಿದ್ದರೆ ಮುಗಿಯುತ್ತಿತ್ತು. ಟವರ್ ಸತ್ತ ದಿನ ಹಾಗೇ ಕೂಗುತ್ತಾರೆ. ಟವರ್ ಸಾಯುವುದೂ ಮಳೆ ಜಾಸ್ತಿಯಾದ ದಿನವೇ.

ಸರ್ಕಾರದ್ದೂ ಇದೇ ದಾರಿ. ಗ್ರಾಮ ಪಂಚಾಯತಿಗಳಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ. 15 ನಿಮಿಷಕ್ಕೊಮ್ಮೆ ಅವು ಜಿಪಿಆರ್‌ಎಸ್ ಮೂಲಕ ಯಲಹಂಕಕ್ಕೆ ವರದಿ ಒಪ್ಪಿಸುತ್ತವೆ. ಒಳ್ಳೆಯ ಕೆಲಸ. ಯಲಹಂಕಕ್ಕೆ ಗೊತ್ತಾಗಲೇಬೇಕು. ಆದರೆ ನೆನೆಯುತ್ತಿರುವವನು ಭಾಗಮಂಡಲದವನು. ಅವನೂರಿನ ಮಳೆ ಅವನಿಗೆ ಬೆಂಗಳೂರು ಸುತ್ತಿಕೊಂಡು ಬಂದು ತಿಳಿಯಬೇಕು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಬೆಟ್ಟಗಳು ಜರಿದವು. ರಸ್ತೆ ಹೋಯಿತು. ಕರೆಂಟ್ ಹೋಯಿತು. ಫೋನ್ ಹೋಯಿತು. 2019ರಲ್ಲಿ ತೋರ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮೂರು ಆಗಸ್ಟ್ ಕಲಿಸಿದ ಪಾಠದಿಂದ ನಾವು ಕಂಡುಕೊಂಡ ಪರಿಹಾರ ಏನು? ಇನ್ನೊಂದು ಆ್ಯಪ್. ಅದು ಓಡಲೂ ನೆಟ್‌ವರ್ಕ್ ಬೇಕು.

ಕೊರೊನಾ ಕಾಲದಲ್ಲಿ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರು ಶಾಲೆಯ ಮೇಷ್ಟ್ರೊಬ್ಬರು ಸಿಗ್ನಲ್ ಸಿಗಲೆಂದು ಮರದ ಮೇಲೆ ಅಟ್ಟಣಿಗೆ ಕಟ್ಟಿ ಪಾಠ ಮಾಡಿದರು. ಪತ್ರಿಕೆಗಳು ಫೋಟೊ ಹಾಕಿದವು. ನಾವೆಲ್ಲ ಶಹಬ್ಬಾಸ್ ಎಂದೆವು. ಒಬ್ಬ ಸರ್ಕಾರಿ ಮೇಷ್ಟ್ರು ಮರ ಹತ್ತಬೇಕಾಗಿ ಬಂದದ್ದಕ್ಕೆ ಯಾರಾದರೂ ನಾಚಿಕೊಂಡದ್ದನ್ನು ನಾನಂತೂ ಕಾಣೆ.

ನಮ್ಮೂರ ಲೆಕ್ಕ ಸಿಗ್ನಲ್ ಕಾಯುವುದಕ್ಕೆ ಮದ್ದಿಲ್ಲವೇ? ಇದೆ. 2012ರಿಂದಲೇ ಇದೆ.

ಆ ವರ್ಷ ಮೈಕ್ರೋಸಾಫ್ಟ್ ತನ್ನ ಎಎಸ್‌ಪಿ ಡಾಟ್ ನೆಟ್ ಎಂಬ ವೆಬ್ ತಂತ್ರಾಂಶದ ಜೊತೆಗೆ ವೆಬ್ ಎಪಿಐ ಬಿಟ್ಟಿತು. ಒಂದು ಪ್ರೋಗ್ರಾಮ್ ಕೇಳಿದ್ದಕ್ಕೆ ಇನ್ನೊಂದು ಉತ್ತರ ಕೊಡುವ ಏರ್ಪಾಡು, ಅಷ್ಟೇ. ಅದಕ್ಕೆ ಮುಂಚೆ ಎಎಸ್‌ಪಿ ಡಾಟ್ ನೆಟ್‌ನಲ್ಲಿ ಇಂಥದ್ದು ನಡೆಸಬೇಕೆಂದರೆ ಸಾಮಾನ್ಯವಾಗಿ ಐಐಎಸ್ ಎಂಬ ದೊಡ್ಡ ಸರ್ವರ್ ತಂತ್ರಾಂಶವನ್ನು ಮೊದಲು ಪ್ರತಿಷ್ಠಾಪಿಸಬೇಕಿತ್ತು. ವೆಬ್ ಎಪಿಐಗೆ ಆ ಹಂಗಿರಲಿಲ್ಲ. ಸಾಮಾನ್ಯ ಕನ್ಸೋಲ್ ಪ್ರೋಗ್ರಾಮಿನ ಹೊಟ್ಟೆಯೊಳಗೇ ಅದನ್ನು ಕೂರಿಸಬಹುದಿತ್ತು. ಕನ್ಸೋಲ್ ಎಂದರೆ ಗೊತ್ತಲ್ಲ, ಕರಿ ಕಿಟಕಿ, ಬಿಳಿ ಅಕ್ಷರ. ಮುಂದೆ ಇದೇ ಕೆಲಸಕ್ಕೆ ಕಟಾನ ಬಂತು. 2016ರಲ್ಲಿ ಡಾಟ್ ನೆಟ್ ಕೋರ್ ಜೊತೆ ಕೆಸ್ಟ್ರೆಲ್ ಎಂಬ ವೆಬ್ ಸರ್ವರ್ ಬಂತು. 2021ರ ನವೆಂಬರಿನಲ್ಲಿ ಡಾಟ್ ನೆಟ್ 6 ಬಂದ ಮೇಲಂತೂ ನಾಲ್ಕೇ ಸಾಲು. ಬಿಲ್ಡರ್ ಒಂದು ಸಾಲು, ಆ್ಯಪ್ ಒಂದು ಸಾಲು, ‘ಮಳೆ ಎಷ್ಟು ಎಂದು ಕೇಳಿದರೆ ಇದನ್ನು ಹೇಳು’ ಎನ್ನುವುದಕ್ಕೆ ಒಂದು ಸಾಲು, ಕೊನೆಗೆ ರನ್.

ನಮ್ಮೂರ ಹುಡುಗನೊಬ್ಬ ಇದನ್ನೇ ಮಾಡಿದ. ಬೆಂಗಳೂರಿನ ಕಂಪನಿಯ ಕೆಲಸ, ಮಳೆಗಾಲದಲ್ಲಿ ಮನೆಯಿಂದಲೇ. ತೋಟದ ಆಫೀಸಿನಲ್ಲಿ ಚೆಕ್‌ರೋಲ್ ಬರೆಯಲು ಇಟ್ಟಿದ್ದ ಹಳೆಯ ಕಂಪ್ಯೂಟರಿನ ಧೂಳು ಕೊಡವಿ ಪ್ರೋಗ್ರಾಮ್ ಓಡಿಸಿದ. ಕರಿ ಕಿಟಕಿ ತೆರೆಯಿತು. ‘ನೌ ಲಿಸನಿಂಗ್ ಆನ್’ ಎಂದು ವಿಳಾಸ ಹೇಳಿತು, ಪೋರ್ಟ್ 5000. ಕೆಳಗೊಂದು ಸಾಲು, ನಿಲ್ಲಿಸಬೇಕಾದರೆ ಕಂಟ್ರೋಲ್-ಸಿ ಒತ್ತಿ ಎಂದು. ಮುಗಿಯಿತು. ಗ್ರಾಫಿಕ್ಸ್ ಇಲ್ಲ, ಲೋಗೊ ಇಲ್ಲ, ‘ನಿಮ್ಮ ಅನುಭವ ನಮಗೆ ಮುಖ್ಯ’ ಎಂಬ ಸುಳ್ಳೂ ಇಲ್ಲ.

ಕಣದಲ್ಲಿ ನಿಂತವನು ಮೊಬೈಲಿನಲ್ಲಿ 192.168.1.10:5000 ಎಂದು ಒತ್ತಿದರೆ ಉತ್ತರ ಸಿದ್ಧ. ಇಂಚು 4, ಸೆಂಟ್ 35. ತೋಟದ ಲೆಕ್ಕ ಬರೆಯುವ ರೈಟರ್ ಬೆಳಿಗ್ಗೆ ತುಂಬಿದ ಅಂಕಿ.

ಇಂಟರ್ನೆಟ್ ಕಡಿದು ಹೋಗಿತ್ತು ಎಂಬುದನ್ನು ಹೇಳಲು ಮರೆತೆ. ಅಂದು ಅದರ ಅಗತ್ಯವೇ ಬೀಳಲಿಲ್ಲ. ಬೇಕಾದದ್ದು ಒಂದು ವೈಫೈ ಡಬ್ಬಿ, ಒಂದು ಬ್ಯಾಟರಿ. ಆ ಡಬ್ಬಿಯಲ್ಲಿ ಮಿನುಗುವುದೇ ಇಂಟರ್ನೆಟ್ ಎಂದು ನಂಬಿಕೊಂಡವರಿಗೆ ಇದು ಪವಾಡ. ಡಬ್ಬಿ ಬೇರೆ, ಇಂಟರ್ನೆಟ್ ಬೇರೆ ಎಂದು ಅವರಿಗೆ ಯಾರೂ ಹೇಳಿಲ್ಲ. ಹೇಳಿದರೆ ತಿಂಗಳ ಪ್ಲಾನ್ ಮಾರುವವರಿಗೆ ನಷ್ಟ.

ಅಡ್ಡಿಯೇ ಇರಲಿಲ್ಲವೆಂದಲ್ಲ. ಮೊದಲು ಅವನು ಕೆಸ್ಟ್ರೆಲ್‌ಗೆ ಮುಂಚಿನ ಹಳೆಯ ಶೈಲಿಯಲ್ಲಿ ಬರೆದಿದ್ದ. ತನ್ನೊಳಗೆ ತಾನು ಮಾತಾಡಿಕೊಂಡರೆ ವಿಂಡೋಸ್‌ಗೆ ತಕರಾರಿಲ್ಲ. ಪಕ್ಕದ ಕೋಣೆಗೂ ಕೇಳಿಸಬೇಕೆಂದರೆ ‘ಆಕ್ಸೆಸ್ ಡಿನೈಡ್’. ಅಡ್ಮಿನಿಸ್ಟ್ರೇಟರ್ ಆಗಿ ಬಂದು, ನೆಟ್‌ಎಸ್‌ಎಚ್ ಎಂಬ ಆದೇಶದಲ್ಲಿ ಆ ವಿಳಾಸವನ್ನು ಕಾದಿರಿಸಬೇಕು. ಆಮೇಲೆ ಫೈರ್‌ವಾಲ್‌ನ ಅಪ್ಪಣೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಉಂಟು. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಗೋಡೆಯ ಮೇಲಿನ ಕೋವಿಗೆ ಲೈಸೆನ್ಸ್ ಬೇಡ. ಅದರ ಕೆಳಗಿನ ಮೇಜಿನ ಮೇಲೆ ಮಳೆ ಲೆಕ್ಕ ಹೇಳಲು ಅಪ್ಪಣೆ ಬೇಕು.

ಕೆಸ್ಟ್ರೆಲ್‌ಗೆ ಬದಲಾಯಿಸಿದ ಮೇಲೆ ಆ ಕಾದಿರಿಸುವ ತಲೆನೋವು ತಪ್ಪಿತು. ಇನ್ನೊಂದು ಉಳಿಯಿತು. ಕರಿ ಕಿಟಕಿ ಮುಚ್ಚಿದರೆ ಸರ್ವರ್ ಸತ್ತಂತೆ. ಮಧ್ಯಾಹ್ನ ಇಸ್ಪೀಟಾಟಕ್ಕೆ ಕೂತ ಯಾರೋ ‘ಇದೆಂಥ ಕರಿ ಕಿಟಕಿ’ ಎಂದು ಮೂಲೆಯ ಗುಣಿಸು ಗುರುತು ಒತ್ತಿದರು. ತೋಟದ ಮಳೆ ಅಲ್ಲಿಗೆ ನಿಂತಿತು. ಹುಡುಗ ಅದನ್ನು ವಿಂಡೋಸ್ ಸರ್ವಿಸ್ ಮಾಡಿ ಕಣ್ಣಿಗೆ ಕಾಣದಂತೆ ಒಳಗೆ ತಳ್ಳಿದ. ರಾತ್ರಿ ಒಂದು ಪೆನ್‌ಡ್ರೈವಿಗೆ ನಕಲು. ಹೊರಗಿನ ಇಂಟರ್ನೆಟ್‌ಗೆ ಪೋರ್ಟ್ ತೆರೆಯಲೇ ಇಲ್ಲ. ಬುದ್ಧಿವಂತ.

ಈಗ ತಜ್ಞರು ಬರುತ್ತಾರೆ. ಬರದೇ ಇರುತ್ತಾರೆಯೇ?

‘ಇದು ಸ್ಕೇಲ್ ಆಗಲ್ಲ’ ಎನ್ನುತ್ತಾರೆ. ಯಾರಿಗೆ ಆಗಬೇಕಿತ್ತು ಸ್ವಾಮಿ? ಕಾಫಿ ರೇಟಿಗಾಗಿ ಬ್ರೆಜಿಲ್‌ನಲ್ಲಿ ಮಳೆಯಾಯಿತೇ ಎಂದು ನೋಡುವವರು ನಾವು. ಬ್ರೆಜಿಲ್‌ನವರು ಭಾಗಮಂಡಲದ ಲೆಕ್ಕ ಕೇಳಿಕೊಂಡು ಲಕ್ಷಗಟ್ಟಲೆ ನುಗ್ಗುತ್ತಾರೆಯೇ? ಒಂದು ಪಂಚಾಯತಿಯ ಪ್ರಶ್ನೆಗೆ ಒಂದು ಪಂಚಾಯತಿಯ ಉತ್ತರ ಸಾಕು.

‘ಡೇಟಾ ಮನೆಯಲ್ಲಿಟ್ಟರೆ ಸುರಕ್ಷಿತ ಅಲ್ಲ’ ಎನ್ನುತ್ತಾರೆ. ಹೇಳುವವರು ಯಾರು? ಆಧಾರ್ ಕಾರ್ಡಿನ ಎರಡೂ ಬದಿಯ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು ಡಿಲೀಟ್ ಮಾಡದವರು. ಜೆರಾಕ್ಸ್ ಅಂಗಡಿಯ ಬುಟ್ಟಿಯಲ್ಲಿ ಊರಿನ ಅರ್ಧ ಪಹಣಿ ಬಿಟ್ಟು ಬಂದವರು. ಮಳೆ ಎಷ್ಟು ಬಿತ್ತೆಂಬುದು ಕದ್ದುಹೋದೀತು ಎಂದು ಇವರಿಗೆ ನಿದ್ದೆ ಬರುವುದಿಲ್ಲ.

ಜಿಲ್ಲೆಯ ತಮಾಷೆ ನೋಡಿ. ತಿರುವಿಗೊಂದು ಹೋಂಸ್ಟೇ ಬೋರ್ಡು. ವಾರಾಂತ್ಯಕ್ಕೆ ಬರುವ ಬೆಂಗಳೂರಿನವರಿಗೆ ಕೋಣೆ, ಬಿಸಿನೀರು, ಪಂದಿಕರಿ, ಬೆಂಕಿ ಸುತ್ತ ಹಾಡು, ಎಲ್ಲ ಇದೆ. ನಮ್ಮದೇ ಅಂಗಳದ ಅಂಕಿಗೆ ಮಾತ್ರ ನಮ್ಮ ಮನೆಯಲ್ಲಿ ಜಾಗವಿಲ್ಲ. ಅದು ಬಾಡಿಗೆ ಕೊಟ್ಟು ಪರವೂರಿನಲ್ಲಿ ಇರಬೇಕು.

ಬಾಡಿಗೆಯ ಮನೆ ಗಟ್ಟಿಯೋ? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ಗೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಮಕಾಡೆ ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ವರ್ಜೀನಿಯಾ ಕೇಂದ್ರ ಕೈಕೊಟ್ಟಾಗ ಅಮೆರಿಕದಲ್ಲಿ ಕೆಲವರ ಸ್ಮಾರ್ಟ್ ಹಾಸಿಗೆಗಳು ಹೇಳಿದ ಮಾತು ಕೇಳಲಿಲ್ಲ. ಸ್ವಂತ ಮಂಚದ ಬಿಸಿ ತಗ್ಗಿಸಲು ವರ್ಜೀನಿಯಾದ ಅನುಮತಿ ಕಾಯುವವರನ್ನು ನೋಡಿ ನಾವು ನಗಬಹುದು. ನಗುವ ಮುಂಚೆ ನ್ಯಾಯಬೆಲೆ ಅಂಗಡಿಯ ಸಾಲನ್ನು ನೋಡಿಕೊಂಡರೆ ಒಳ್ಳೆಯದು.

ಅಕ್ಕಿ ಮೂಟೆ ಕಣ್ಣೆದುರಿಗಿದೆ. ಕೊಡುವವನಿಗೆ ತಗೊಳ್ಳುವವಳ ಹೆಸರು, ಮನೆ, ಮಕ್ಕಳು ಎಲ್ಲ ಗೊತ್ತು. ಆದರೂ ಕಾಫಿ ಕುಯ್ದು ಸವೆದ ಹೆಬ್ಬೆಟ್ಟು ಯಂತ್ರದ ಮೇಲೆ ಒತ್ತಬೇಕು, ಅದು ದೂರದ ಸರ್ವರಿಗೆ ಹೋಗಿ ‘ಹೌದು, ಇವಳು ಇವಳೇ’ ಎಂಬ ಒಪ್ಪಿಗೆ ತರಬೇಕು. ಸರ್ವರ್ ಡೌನ್. ನಾಳೆ ಬಾ. ನಾಳೆ ಬಂದರೆ ಒಂದು ದಿನದ ಕೂಲಿ ಖೋತಾ. ಆ ಕೂಲಿಗೂ ಆ್ಯಪ್. 2023ರ ಜನವರಿ 1ರಿಂದ ನರೇಗಾ ಕೆಲಸದ ಜಾಗದಲ್ಲಿ ದಿನಕ್ಕೆರಡು ಸಲ ಫೋಟೊ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಬೆಳಿಗ್ಗೆ ಗುದ್ದಲಿ ಹಿಡಿದದ್ದು ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ಗುದ್ದಲಿಯಲ್ಲ, ಸಿಗ್ನಲ್.

ಆತ್ಮನಿರ್ಭರ ಎಂದು ಭಾಷಣ ಬಿಗಿಯುವವರೂ ಇದನ್ನೆಲ್ಲ ಕಡ್ಡಾಯ ಮಾಡಿದ ಇವರೇ. ಗ್ರಾಮ ಸ್ವರಾಜ್ಯ ಎಂದು ಅಕ್ಟೋಬರ್ 2ಕ್ಕೆ ಹಾರ ಹಾಕುವವರೂ ಇವರೇ. ಆ ಭಾಷಣದ ಫೋಟೊ ಅಪ್‌ಲೋಡ್ ಆಗದಿದ್ದರೆ ಆಪರೇಟರ್ ಮೇಲೆ ಹಾರಾಡುವವರೂ ಇವರೇ.

ಇನ್ನೂ ರುಚಿಯಾದದ್ದು ಐಟಿಯವರದ್ದು. ಮೊದಲು ಬಂದು ‘ಮನೆಯಲ್ಲೇಕೆ ಕಂಪ್ಯೂಟರು, ನಮಗೆ ಕೊಡಿ, ದೂರದಲ್ಲಿ ಇಟ್ಟುಕೊಳ್ಳುತ್ತೇವೆ’ ಎಂದರು. ಕೊಟ್ಟೆವು. ಈಗ ಟೈ ಕಟ್ಟಿಕೊಂಡು ಮತ್ತೆ ಬಂದಿದ್ದಾರೆ. ‘ಎಲ್ಲವೂ ದೂರದಲ್ಲಿದ್ದರೆ ತಡವಾಗುತ್ತದೆ, ಲೆಕ್ಕ ನಿಮ್ಮ ಜಾಗದಲ್ಲೇ ಆಗಬೇಕು, ಇದರ ಹೆಸರು ಎಡ್ಜ್ ಕಂಪ್ಯೂಟಿಂಗ್’ ಎನ್ನುತ್ತಿದ್ದಾರೆ. ನಮ್ಮ ಮೇಜಿನ ಡಬ್ಬಿಯನ್ನು ನಮಗೇ ಮಾರುತ್ತಿದ್ದಾರೆ. ಜಿಎಸ್‌ಟಿ ಪ್ರತ್ಯೇಕ.

ಹುಡುಗ ತನ್ನ ಪ್ರೋಗ್ರಾಮನ್ನು ಒಂದು ಕಚೇರಿಗೆ ತೆಗೆದುಕೊಂಡು ಹೋದ. ಬಿಟ್ಟಿ ಕೊಡುತ್ತೇನೆ ಎಂದ. ಅದೇ ಅವನು ಮಾಡಿದ ದೊಡ್ಡ ತಪ್ಪು. ಬಿಟ್ಟಿ ಎಂದ ಕೂಡಲೇ ಎದುರಿಗಿದ್ದವರ ಮುಖ ಸಣ್ಣದಾಯಿತು. ಟೆಂಡರ್ ಇಲ್ಲ, ಬಿಲ್ ಇಲ್ಲ, ವಾರ್ಷಿಕ ನಿರ್ವಹಣೆ ಇಲ್ಲ. ಅದರಲ್ಲಿ ಆಡಳಿತಕ್ಕೆ ಏನು ಕೆಲಸ?

ಆದರೂ ಸೌಜನ್ಯಕ್ಕೆ ನೋಡಿದರು. ಕರಿ ಕಿಟಕಿ ತೆರೆಯಿತು. ಮೊಬೈಲಿನಲ್ಲಿ ಮಳೆ ಬಂತು. ಇಂಟರ್ನೆಟ್ ತಂತಿ ಕಿತ್ತು ತೋರಿಸಿದ. ಮತ್ತೆ ಬಂತು. ಯಾರೂ ಅದನ್ನು ಗಮನಿಸಲಿಲ್ಲ.

‘ಎಲ್ಲ ಸರಿ’ ಎಂದರು ದೊಡ್ಡವರು. ‘ಇದರಲ್ಲಿ ಸಾಹೇಬರ ಫೋಟೊ ಎಲ್ಲಿ ಬರುತ್ತದೆ?’

ಕನ್ಸೋಲಿನಲ್ಲಿ ಫೋಟೊ ಬರುವುದಿಲ್ಲ ಸಾರ್, ಬರೀ ಅಕ್ಷರ, ಎಂದ ಇವನು. ಫೈಲು ಅಲ್ಲಿಗೆ ಮುಚ್ಚಿತು.

ಆರು ತಿಂಗಳಿಗೆ ಹೊಸ ಆ್ಯಪ್ ಬಂತು. ರಿಬ್ಬನ್ ಕತ್ತರಿಸಿ ಉದ್ಘಾಟನೆಯೂ ಆಯಿತು. ತೆರೆದರೆ ಮೊದಲ ಪುಟದಲ್ಲಿ ಎರಡು ದೊಡ್ಡ ಫೋಟೊ, ಸಾಹೇಬರದ್ದು ಮೇಲೆ, ಅವರ ಸಾಹೇಬರದ್ದು ಅದಕ್ಕೂ ಮೇಲೆ. ನಮ್ಮೂರಿನ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಅವು ಇಳಿಯಲು ಹೊತ್ತು ಹಿಡಿಯುತ್ತದೆ. ಮೊನ್ನೆ ಜೋರು ಮಳೆಯಲ್ಲಿ ನೋಡಿದೆ, ಮೇಲಿನವರ ಹಣೆ ಮತ್ತು ಒಂದು ಹುಬ್ಬು ಬಂದಿತ್ತು. ಮಳೆ ಲೆಕ್ಕ ಅವರ ಗಲ್ಲ ದಾಟಿದ ಮೇಲೆ ಎಲ್ಲೋ ಕೆಳಗಿದೆಯಂತೆ.