ವಂಶವೃಕ್ಷ ಮೀಮಾಂಸೆ: ಜಗಳಮೂಲ ಸಿದ್ಧಾಂತದ ಪ್ರತಿಪಾದನೆ

ಪೀಠಿಕೆ

ತನ್ನ ಮೂಲಪುರುಷ ಯಾರೆಂಬ ಕುತೂಹಲ ಮನುಷ್ಯನಿಗೆ ಎರಡು ಕಾಲದಲ್ಲಿ ಹುಟ್ಟುತ್ತದೆ: ನಿವೃತ್ತಿಯಾದ ಮೇಲೆ, ಮತ್ತು ಊರಿನ ಹೊಲದ ಪಕ್ಕ ಹೆದ್ದಾರಿ ಹಾಯುತ್ತದೆಂದು ಗೊತ್ತಾದ ಮೇಲೆ. ಮೊದಲನೆಯದು ಜಿಜ್ಞಾಸೆ, ಎರಡನೆಯದು ಮುಮುಕ್ಷುತ್ವ. ಪ್ರಸ್ತುತ ಪ್ರಬಂಧ ಎರಡನ್ನೂ ಸಮಾನ ಗಾಂಭೀರ್ಯದಿಂದ ಕಾಣುತ್ತದೆ.

ಪ್ರಮಾಣ ವಿಚಾರ

ವಂಶಜ್ಞಾನಕ್ಕೆ ಪ್ರಮಾಣಗಳು ಮೂರು: ಅಜ್ಜಿ, ಹೆಳವರು, ಪಹಣಿ.

ಅಜ್ಜಿಯದು ಶಬ್ದಪ್ರಮಾಣ. ಆಕೆಯ ಪ್ರಕಾರ ನಮ್ಮವರು ವಿಜಯನಗರದಲ್ಲಿ ದಂಡನಾಯಕರು. ಇಲ್ಲಿ ಗಣಿತ ಅಡ್ಡ ಬರುತ್ತದೆ. ತಲೆಮಾರಿಗೆ 25 ವರ್ಷದಂತೆ 20 ತಲೆಮಾರು ಹಿಂದೆ ಸರಿದರೆ ಕೃಷ್ಣದೇವರಾಯನ ಕಾಲ (1509–1529) ಸಿಗುತ್ತದೆ. ಆ ಮೆಟ್ಟಿಲಲ್ಲಿ ಒಬ್ಬೊಬ್ಬರ ವೃಕ್ಷದಲ್ಲೂ ತುಂಬಬೇಕಾದ ಸ್ಥಾನಗಳು 10,48,576. ಇಷ್ಟೂ ಮಂದಿ ದಂಡನಾಯಕರಾಗಿದ್ದರೆ ಕುದುರೆಗೆ ಹುರುಳಿ ಬೇಯಿಸಿದವರು ಯಾರು? ಅವರೆಲ್ಲ ಸಂತಾನವಿಲ್ಲದೆ ಅಳಿದರೆಂಬುದೇ ಅಜ್ಜಿಯ ಅಭಿಮತವಿರಬೇಕು.

ಎರಡನೆಯವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಬಾಗಿಲಿಗೆ ಬಂದು, ಬಟ್ಟೆ ಸುತ್ತಿದ ಹೊತ್ತಿಗೆ ಬಿಚ್ಚುತ್ತಾರೆ. ಮೂಲ ಊರು, ಬೆಡಗು, ಮುತ್ತಜ್ಜನ ಅಣ್ಣತಮ್ಮಂದಿರು, ಬರಗಾಲದಲ್ಲಿ ಯಾರು ಯಾವ ಊರಿಗೆ ಗುಳೆ ಹೋದರು, ಎಲ್ಲವನ್ನೂ ಉಸಿರು ಬಿಡದೆ ಒಪ್ಪಿಸಿ, ತೊಟ್ಟಿಲ ಕೂಸಿನ ಹೆಸರನ್ನು ಅಲ್ಲೇ ಬರೆದುಕೊಳ್ಳುತ್ತಾರೆ. ಶುಲ್ಕ ಮೊರದ ತುಂಬ ಜೋಳ. ಈ ಪ್ರಮಾಣಕ್ಕಿರುವ ದೋಷ ಒಂದೇ: ತಹಶೀಲ್ದಾರರ ಮೊಹರಿಲ್ಲ. ಆದಕಾರಣ ಅದು ನಿಜವಾಗಿದ್ದರೂ ಸತ್ಯವಲ್ಲ.

ಪಹಣಿಗೆ ಮೊಹರಿದೆ, ಮಾತಿಲ್ಲ. ನಮ್ಮ ಹಿರಿಯರ ಶೌರ್ಯ, ಔದಾರ್ಯ ಅದಕ್ಕೆ ತಿಳಿಯದು. ತಿಳಿದಿರುವುದು 9ನೇ ಕಾಲಂನ ಸ್ವಾಧೀನ, 11ನೇ ಕಾಲಂನ ಋಣ. ದಂಡನಾಯಕನ ವಂಶಜ ಎತ್ತಿಗೆಂದು ತೆಗೆದ ಸೊಸೈಟಿ ಸಾಲ, ಎತ್ತು ಸತ್ತ ಮೇಲೂ ಅಲ್ಲಿ ಮೇಯುತ್ತಿರುತ್ತದೆ. ಇನ್ನೂ ಆಳಕ್ಕಿಳಿಯುವವರಿಗೆ ರೆಕಾರ್ಡ್ ರೂಮಿನ ಕೆಂಪು ಬಟ್ಟೆಯ ಗಂಟುಗಳಿವೆ. ಬೆಳಗಾವಿ, ಧಾರವಾಡದ ಕಡೆಯ ಹಳೆಯ ಕಾಗದವಾದರೆ ಮೋಡಿ ಲಿಪಿ. ಓದಬಲ್ಲವರು ವಿರಳವಾದ್ದರಿಂದ ಅದು ವಾದಿ, ಪ್ರತಿವಾದಿ ಇಬ್ಬರಿಗೂ ಸಮಾನ ಅನುಕೂಲ.

ಸಿದ್ಧಾಂತ

ಹೀಗಿರಲು ಸಂಪೂರ್ಣ ವಂಶವೃಕ್ಷ ಎಲ್ಲಿ ಸಿಗುತ್ತದೆ? ಅಣ್ಣತಮ್ಮಂದಿರು ಅನ್ಯೋನ್ಯವಾಗಿರುವ ಮನೆಯಲ್ಲಂತೂ ಅಲ್ಲ. ಅಲ್ಲಿ ಪೌತಿ ಖಾತೆಯೇ ಆಗಿರುವುದಿಲ್ಲ; ಸ್ವರ್ಗಸ್ಥನಾದ ತಾತ ಪಹಣಿಯಲ್ಲಿ ಇಂದಿಗೂ ರಾಗಿ ಬೆಳೆಯುತ್ತಿರುತ್ತಾನೆ. ಅದೇ ವ್ಯಾಜ್ಯ ಹೂಡಿದ ಮನೆಗೆ ಹೋಗಿ: ಅಫಿಡವಿಟ್ಟು, ಮಹಜರು, ಸರ್ಟಿಫೈಡ್ ನಕಲು, ಎಡವಟ್ಟು ಮಾಡಿ ಊರು ಬಿಟ್ಟ ಚಿಕ್ಕಪ್ಪನ ವಿಳಾಸ ಸಮೇತ ಐದು ತಲೆಮಾರು ದಾವೆಯ ಬೆನ್ನಿಗೆ ಲಗತ್ತಾಗಿರುತ್ತದೆ. ಆದ್ದರಿಂದ ಸೂತ್ರ: ‘ಕಲಹಾದೇವ ಕುಲಜ್ಞಾನಮ್’.

ಉಪಸಿದ್ಧಾಂತ

ಹಳೆಯ ವಂಶವೃಕ್ಷಗಳನ್ನು ನಂಬುವುದಾದರೆ, ಶತಮಾನಗಳ ಕಾಲ ಗಂಡಸರು ಗಂಡಸರಿಗೇ ಹುಟ್ಟುತ್ತಿದ್ದರು. ಕರ್ನಾಟಕದಲ್ಲಿ ಹೆಣ್ಣುಮಕ್ಕಳು ಹುಟ್ಟಲಾರಂಭಿಸಿದ್ದು 1994ರಲ್ಲಿ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ರಾಜ್ಯ ತಿದ್ದುಪಡಿ ತಂದು ಅವರಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಾಗ. ಆಗಲೂ ಮದುವೆಯಾಗದವರಷ್ಟೇ ಹುಟ್ಟಿದರು. 2005ರ ಕೇಂದ್ರ ತಿದ್ದುಪಡಿಯಿಂದ ಮದುವೆಯಾದವರಿಗೂ ಜನ್ಮ ಲಭಿಸಿತು. ಈಗ ತಮ್ಮಂದಿರು ಅರಿಶಿನ ಕುಂಕುಮ, ಸೀರೆ ಇಟ್ಟ ತಟ್ಟೆಯ ಅಡಿಯಲ್ಲಿ ಹಕ್ಕು ಬಿಡುಗಡೆ ಪತ್ರ ಮಡಿಚಿಟ್ಟು ಅಕ್ಕನ ಮನೆಗೆ ಹೋಗುತ್ತಾರೆ. ಅಕ್ಕ ಸೀರೆಯ ಬೆಲೆಚೀಟಿ ತಿರುವಿ ನೋಡಿ, ಆಮೇಲೆ ಮೆಲ್ಲಗೆ ಎಕರೆಯ ದರ ಕೇಳುತ್ತಾಳೆ. ವೃಕ್ಷಕ್ಕೆ ಹೊಸ ಕೊಂಬೆ ಒಡೆಯುವ ಕ್ಷಣ ಅದೇ.

ಪೂರ್ವಪಕ್ಷ ಮತ್ತು ಸಮಾಧಾನ

ಹಾಗಾದರೆ ಜಗಳಕ್ಕೆ ಜಮೀನೇ ಇಲ್ಲದವರಿಗೆ ವಂಶವಿಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಇದೆ, ಸರ್ವೆ ನಂಬರಿಲ್ಲ. ಹುರುಳಿ ಬೇಯಿಸಿದವರ ಮಕ್ಕಳು ಎಲ್ಲಿ ಹೋದರೆಂಬ ಪ್ರಶ್ನೆಗೂ ಇದೇ ಉತ್ತರ. ಅವರು ಎಲ್ಲೂ ಹೋಗಿಲ್ಲ, ದಂಡನಾಯಕರ ಹೊಲ ಉಳುತ್ತ ಕಾಲಂ ಸಿಗದೆ ಉಳಿದುಬಿಟ್ಟರು. ಈ ಸಮಾಧಾನ ಯಾರಿಗೂ ಸಮಾಧಾನ ತರದೆಂದು ಪ್ರಬಂಧಕಾರ ಬಲ್ಲ.

ಫಲಶ್ರುತಿ

ಇದನ್ನು ನಾಡಕಚೇರಿಯ ಸರತಿ ಸಾಲಿನಲ್ಲಿ ನಿಂತು ಓದಿದವರಿಗೆ ಸರ್ವರ್ ಡೌನ್ ದೋಷ ನಿವಾರಣೆಯಾಗುವುದು. ಪಕ್ಕದವರಿಗೆ ಕೇಳುವಂತೆ ಓದಿದವರಿಗೆ ಮಹಜರಿಗೆ ಇಬ್ಬರು ಸಾಕ್ಷಿಗಳು ದೊರೆಯುವರು. ದಾಯಾದಿಗಳನ್ನೆಲ್ಲ ಒಟ್ಟಿಗೆ ಕೂಡಿಸಿ ಓದಿ ಹೇಳಿದವರಿಗೆ ಸಂಪೂರ್ಣ ವಂಶವೃಕ್ಷ ಪ್ರಾಪ್ತಿ, ತಡೆಯಾಜ್ಞೆ ಸಹಿತ.