ನುಂಗುವ ರಾಷ್ಟ್ರೀಯತೆ: ದೇವಸಮುದ್ರ ಹೋಬಳಿಯ ಮುದ್ದೆಯ ಅಸ್ಮಿತಾ ಮೀಮಾಂಸೆಗೊಂದು ಪೂರ್ವಪೀಠಿಕೆ

ದೇಶವೊಂದು ತನ್ನ ಊಟದ ಮೂಲಕ ತನ್ನನ್ನು ಕಟ್ಟಿಕೊಳ್ಳುತ್ತದೆ ಎಂಬ ಮಾತು ನಮ್ಮ ವಿಚಾರ ಸಂಕಿರಣಗಳಲ್ಲಿ ಎಷ್ಟು ಸಲ ಬೆಂದಿದೆಯೆಂದರೆ, ಈಗ ತಳ ಹತ್ತಿದ ವಾಸನೆ ಬರುತ್ತಿದೆ. ಆದರೂ ಬ್ರಿಟನ್ನಿಗೆ ದಕ್ಕಿದ ಈ ಭಾಗ್ಯ ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿಗೆ ದಕ್ಕದಿರುವುದು ಸಂಶೋಧನಾ ಲೋಕದ ಲೋಪ. ಸದರಿ ಲೋಪವನ್ನು ಪ್ರಸ್ತುತ ಪ್ರಬಂಧವು ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗುತ್ತದೆ. ಮೊದಲು ಬ್ರಿಟಿಷ್ ಪುರಾವೆ. ಅಲ್ಲಿನವರ ಹೆಮ್ಮೆಯ ಫಿಶ್ ಅಂಡ್ ಚಿಪ್ಸ್‌ನಲ್ಲಿ ಮೀನು ಕರಿಯುವ ವಿದ್ಯೆ ಸ್ಪೇನ್, ಪೋರ್ಚುಗಲ್ ಮೂಲದ ಯಹೂದಿ ವಲಸಿಗರು ತಂದದ್ದೆಂದು ಇತಿಹಾಸಕಾರರು ಹೇಳುತ್ತಾರೆ. ಆಲೂಗಡ್ಡೆ ದಕ್ಷಿಣ ಅಮೆರಿಕದ್ದು. ಚಹಾ ಮೊದಲು ಚೀನಾದ್ದು, ಆಮೇಲೆ ಅಸ್ಸಾಮಿನದ್ದು. 2001ರಲ್ಲಿ ವಿದೇಶಾಂಗ ಸಚಿವ ರಾಬಿನ್ ಕುಕ್ ಚಿಕನ್ ಟಿಕ್ಕಾ ಮಸಾಲಾವನ್ನೇ ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ಖಾದ್ಯವೆಂದರು. ಇದರಿಂದ ಹೊರಡುವ ಸೂತ್ರ ಇಷ್ಟು: ಹೊರಗಿನಿಂದ ಬಂದದ್ದನ್ನು ಸಾಕಷ್ಟು ಕಾಲ ತಿಂದು, ಕೊನೆಗೊಬ್ಬ ಮಂತ್ರಿ ಭಾಷಣ ಮಾಡಿದರೆ ಅದು ಪರಂಪರೆ. ದೇವಸಮುದ್ರ ಮೊದಲ ಷರತ್ತನ್ನು ಎಂದೋ ಪೂರೈಸಿದೆ. ಮುದ್ದೆಯ ರಾಗಿ ಪೂರ್ವ ಆಫ್ರಿಕಾದಿಂದ ಬಂದದ್ದು. ಚಟ್ನಿಯ ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು. ಭಾಷಣವೊಂದು ಬಾಕಿ.

ಇನ್ನು ವರ್ಗೀಕರಣ. ಮುದ್ದೆಯ ಅಸ್ತಿತ್ವವು ಐದು ಆಯಾಮಗಳಲ್ಲಿ ಪ್ರಕಟವಾಗುತ್ತದೆ. ಒಂದು, ಎಸರಿನ ಪೂರ್ವಸಂಕಥನ: ಇಲ್ಲಿ ನೀರು ಕುದಿಯುತ್ತದೆ. ಎರಡು, ಕೋಲಿನ ಮಧ್ಯಪ್ರವೇಶ: ಹಿಟ್ಟು-ನೀರಿನ ದ್ವಂದ್ವವನ್ನು ಮೀರುವ ಈ ಹಂತದಲ್ಲಿ ಗಂಟು ಉಳಿದರೆ ಅದನ್ನು ಆಧುನಿಕೋತ್ತರ ಮುದ್ದೆ ಎನ್ನತಕ್ಕದ್ದು. ಮೂರು, ನುಂಗುವ ಪ್ರತಿರೋಧ: ಹುರಿದ ಗೋಮಾಂಸವನ್ನು ಅಗಿದಗಿದು ಸಾಮ್ರಾಜ್ಯ ಕಟ್ಟಿದವರ ಜ್ಞಾನಮೀಮಾಂಸೆಗೆ ಹಲ್ಲಿನ ಹಂಗೇ ಇಲ್ಲದ ಮುದ್ದೆ ಕೊಡುವ ವಸಾಹತೋತ್ತರ ಉತ್ತರ. ನಾಲ್ಕನೆಯದನ್ನೂ ಐದನೆಯದನ್ನೂ ವಿವರಿಸುವಷ್ಟರಲ್ಲಿ ಮುದ್ದೆ ಆರಿ ಗಟ್ಟಿಯಾಗುವುದರಿಂದ ಅವನ್ನು ಕೈಬಿಡಲಾಗಿದೆ.

ಆಕ್ಷೇಪಗಳಿವೆ. ಅಸ್ಮಿತೆಗೆ ಇಷ್ಟು ಪರದಾಟವೇಕೆ, ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವೇ ಇದೆಯಲ್ಲ ಎನ್ನಬಹುದು. ಇದೆ, 1892ರಲ್ಲಿ ಅದನ್ನು ಬೆಳಕಿಗೆ ತಂದವರು ಬಿ.ಎಲ್. ರೈಸ್. ತಂದೆತಾಯಿಯ ಮಾತು ಕೇಳಿ, ಜೀವಿಗಳಲ್ಲಿ ದಯೆಯಿರಲಿ, ಸತ್ಯ ನುಡಿಯಿರಿ ಎನ್ನುವ ಆ ಬಂಡೆ ಯಾವ ಊರಿನ ಊಟ ಶ್ರೇಷ್ಠವೆಂದು ಹೇಳುವುದಿಲ್ಲ. ಹಾಗಾದರೆ ಸಮುದಾಯದ ಕಟ್ಟುಪಾಡೇ ಪುರಾವೆಯಾಗಲಿ ಎನ್ನುವವರೂ ಉಂಟು. ಈ ಸೀಮೆಯ ಮ್ಯಾಸನಾಯಕರ ಹಟ್ಟಿಗಳಲ್ಲಿ ಕೋಳಿ ತಿನ್ನದಿರುವುದು ಹಿರಿಯರಿಂದ ಬಂದ ಕಟ್ಟು. ಅಕ್ಕಪಕ್ಕದ ಬೇರೆ ಮನೆಗಳಲ್ಲಿ ನೆಂಟರು ಬಂದರೆ ಕೋಳಿ ಕೊಯ್ಯುವುದೇ ಮರ್ಯಾದೆ. ಕುಕ್ ಸಾಹೇಬರ ಖಾದ್ಯವನ್ನು ಇಲ್ಲಿ ಸ್ಥಾಪಿಸಿದರೆ ಹಟ್ಟಿ ಹೊರಗುಳಿಯುತ್ತದೆ. ಹಟ್ಟಿಯ ಕಟ್ಟನ್ನು ಸ್ಥಾಪಿಸಿದರೆ ಊರು ಹೊರಗುಳಿಯುತ್ತದೆ. ಒಂದು ಹೋಬಳಿಗೇ ಒಂದು ತಟ್ಟೆ ಹೊಂದದಿರುವಾಗ ರಾಷ್ಟ್ರಕ್ಕೆ ಒಂದೇ ತಟ್ಟೆ ಬಡಿಸಲು ಹೊರಟವರು ಯಾರನ್ನೋ ಪಂಕ್ತಿಯಿಂದ ಎಬ್ಬಿಸಲೇಬೇಕು.

ಇಲ್ಲಿಂದ ಮುಂದೆ ಪರಿಭಾಷೆ ಬೇಡ. 1876ರಿಂದ 78ರವರೆಗಿನ ಬರದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ಸತ್ತರು. ಈ ಹೋಬಳಿಗೆ ಅಂಟಿಕೊಂಡಂತಿರುವ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿ ತೀರಾ ನರಳಿದ ಜಿಲ್ಲೆಗಳಲ್ಲೊಂದು. 1877ರಲ್ಲಿ ಬ್ರಿಟಿಷ್ ಸರ್ಕಾರದ ಬರ ಪ್ರತಿನಿಧಿ ರಿಚರ್ಡ್ ಟೆಂಪಲ್, ಬರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಜೊತೆಗೊಂದು ಆಣೆ ಸಾಕೆಂದು ಗೊತ್ತುಮಾಡಿದ. ಇಷ್ಟರಲ್ಲಿ ದುಡಿಯುವ ದೇಹ ಉಳಿಯದೆಂದು ಮದರಾಸಿನ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಷ್ ವಾದಿಸಿದರು. ಆ ವರ್ಷಗಳಲ್ಲೂ ಭಾರತದ ಗೋಧಿ ಹಡಗು ಹತ್ತಿ ಬ್ರಿಟನ್ನಿಗೆ ಹೋಗುವುದು ನಿಲ್ಲಲಿಲ್ಲ. ಇಂಗ್ಲಿಷರ ಬ್ರೆಡ್ಡಿನ ಪರಂಪರೆ ಬರೆಯುವವರು ಈ ಲೆಕ್ಕವನ್ನೂ ಬರೆಯಬೇಕು. ಹಳೆಯದನ್ನು ಕೆದಕಬೇಡಿ, ವಿಶ್ವಸಂಸ್ಥೆಯೇ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿ ನವಣೆ, ಸಾಮೆಗೆ ಮಾನ ತಂದಿದೆಯಲ್ಲ ಎಂಬುದು ಕೊನೆಯ ಆಕ್ಷೇಪ. ಮಾನ ಧಾನ್ಯಕ್ಕೆ ಬಂದಿದೆ, ಒಳ್ಳೆಯದೇ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದಾದ ಇಲ್ಲಿ ಅದನ್ನು ಬಿತ್ತಿ ಮುಗಿಲು ನೋಡುವವರಿಗೆ ಮಾನದಿಂದ ಹೊಟ್ಟೆ ತುಂಬುವುದಿಲ್ಲ. ಆದ್ದರಿಂದ ಆಹಾರ ಮತ್ತು ಅಸ್ಮಿತೆ ಕುರಿತು ಮುಂದಿನ ಸಂಕಿರಣ ಏರ್ಪಡಿಸುವ ವಿದ್ವಾಂಸರಲ್ಲಿ ಒಂದೇ ಬಿನ್ನಹ: ಊಟ ಯಾವ ಪರಂಪರೆಯದೆಂದು ಕೇಳುವ ಮೊದಲು, ಊಟ ಆಯಿತೇ ಎಂದು ಕೇಳಿ.